300 ಸೆಕೆಂಡುಗಳ ಲೆಕ್ಕ: ಪೊಕೆಮಾನ್ ಗೋ ರೇಡ್‌ಗೆ ತಂಡ ಕಟ್ಟುವ ಬಗೆ

ಪೊಕೆಮಾನ್ ಗೋ ಎಂಬ ಮೊಬೈಲ್ ಆಟದಲ್ಲಿ ಹಲವರು ಸೇರಿ ಬಾಸ್ ಎಂಬ ಒಂದು ಬಲಿಷ್ಠ ಪೊಕೆಮಾನ್ ಅನ್ನು ಸೋಲಿಸುವ ಕಾಳಗವೇ ರೇಡ್. ಪ್ರತಿ ಬುಧವಾರ ಸಂಜೆ 6ರಿಂದ 7ರವರೆಗೆ ನಡೆಯುವ ರೇಡ್ ಅವರ್‌ಗೆಂದು ಮುಂಬಯಿಯ ಮಾಟುಂಗಾ ಪೂರ್ವದ ಫೈವ್ ಗಾರ್ಡನ್ಸ್ ಸುತ್ತ ಸೇರುವ ಸಣ್ಣ ಗುಂಪೊಂದು ನಮ್ಮದು. ಫೋರ್ಟ್ ಕಡೆಯ ಕಚೇರಿಗಳಿಂದ ಇಬ್ಬರು ಬರುತ್ತಾರೆ, ಡೊಂಬಿವಲಿಯಿಂದ ಒಬ್ಬರು ತಮ್ಮ ಮಗಳನ್ನು ಕರೆದುಕೊಂಡು ಬರುತ್ತಾರೆ, ನನ್ನ ಮನೆ ಇಲ್ಲೇ ನಡೆದು ಬರುವಷ್ಟು ಹತ್ತಿರ. ಮನೆಮಾತು ಒಬ್ಬರಿಗೆ ತುಳು, ಇನ್ನೊಬ್ಬರಿಗೆ ಕೊಂಕಣಿ. ಆಡುವಾಗ ಮಾತ್ರ ಎಲ್ಲರದೂ ಕನ್ನಡ. ಭಾರತಕ್ಕೆ ಪೊಕೆಮಾನ್ ಗೋ ಅಧಿಕೃತವಾಗಿ ಬಂದದ್ದು 2016ರ ಡಿಸೆಂಬರಿನಲ್ಲಿ, ರೇಡ್‌ಗಳು ಸೇರಿದ್ದು 2017ರ ಜೂನ್‌ನಲ್ಲಿ. ಅಂದಿನಿಂದ ಇಂದಿನವರೆಗೆ ಹೊಸದಾಗಿ ಬರುವ ಆಟಗಾರರಲ್ಲಿ ನಾನು ಕಾಣುತ್ತಿರುವ ತಪ್ಪು ಒಂದೇ ಬಗೆಯದು. ಅವರು ತಮ್ಮಲ್ಲಿರುವ ಅತಿ ಹೆಚ್ಚು ಸಿಪಿಯ (ಒಟ್ಟು ಬಲದ ಅಂಕ) ಆರು ಪೊಕೆಮಾನ್‌ಗಳನ್ನು ಹಿಡಿದುಕೊಂಡು ಬರುತ್ತಾರೆ, ಸೋಲುತ್ತಾರೆ, ಸೋತ ಮೇಲೆ "ಜನ ಸಾಲಲಿಲ್ಲ" ಎನ್ನುತ್ತಾರೆ. ಬಹಳಷ್ಟು ಸಲ ಜನ ಸಾಕಾಗಿರುತ್ತಾರೆ. ಬಾಸ್ ನಮ್ಮನ್ನು ಯಾವುದರಿಂದ ಹೊಡೆಯುತ್ತದೆ ಎಂಬುದನ್ನು ಯಾರೂ ವಿಚಾರಿಸಿರುವುದಿಲ್ಲ.

ಮೊದಲು ಗಡಿಯಾರದ ಲೆಕ್ಕ

ಐದು ನಕ್ಷತ್ರದ ರೇಡ್ ಬಾಸ್‌ಗೆ ಎಚ್‌ಪಿ, ಅಂದರೆ ಹೊಡೆತ ತಾಳಿಕೊಳ್ಳುವ ಶಕ್ತಿ, 15,000. ನಮಗೆ ಸಿಗುವ ಸಮಯ 300 ಸೆಕೆಂಡು. ಭಾಗಿಸಿದರೆ ಇಡೀ ತಂಡ ಸೇರಿ ಸೆಕೆಂಡಿಗೆ 50ರಷ್ಟು ಹಾನಿ ಮಾಡಲೇಬೇಕು, ಅಂದರೆ ಐವರಿದ್ದರೆ ತಲಾ 10. ಕೇಳುವುದಕ್ಕೆ ಇದು ದೊಡ್ಡ ಸಂಖ್ಯೆಯಲ್ಲ. ಆದರೆ ನಿಮ್ಮ ಆರೂ ಪೊಕೆಮಾನ್‌ಗಳು ಬಿದ್ದು ನೀವು ಮತ್ತೆ ಲಾಬಿಗೆ (ಕಣಕ್ಕಿಳಿಯುವ ಮುನ್ನ ಕಾಯುವ ಪರದೆ) ಹೋಗಿ ಹೊಸ ತಂಡದೊಂದಿಗೆ ಒಳಗೆ ಬರುವಷ್ಟರಲ್ಲಿ ಹತ್ತು ಹದಿನೈದು ಸೆಕೆಂಡು ಕಳೆದಿರುತ್ತದೆ, ಆ ಹೊತ್ತಿನಲ್ಲಿ ಗಡಿಯಾರ ನಿಲ್ಲುವುದಿಲ್ಲ, ನಿಮ್ಮ ಪಾಲಿನ ಹಾನಿಯನ್ನು ಬೇರೆಯವರು ಹೊರಬೇಕಾಗುತ್ತದೆ. ಐವರಲ್ಲಿ ಮೂವರು ಎರಡೆರಡು ಸಲ ಹೀಗೆ ಹೊರಹೋಗಿ ಬಂದರೆ ತಂಡ ಏಕೆ ಸೋತಿತೆಂದು ಬೇರೆ ಕಾರಣ ಹುಡುಕಬೇಕಾಗಿಲ್ಲ. ಆದ್ದರಿಂದ ಎಷ್ಟು ಜೋರಾಗಿ ಹೊಡೆಯುತ್ತೇವೆ ಎನ್ನುವುದರ ಜೊತೆಗೇ ಎಷ್ಟು ಹೊತ್ತು ನಿಲ್ಲುತ್ತೇವೆ ಎಂಬುದನ್ನೂ ಮನೆಯಲ್ಲೇ ಕುಳಿತು ಲೆಕ್ಕ ಹಾಕಿಕೊಳ್ಳಬೇಕು.

ಹೋಲಿಕೆಗೆ ಹೇಳುವುದಾದರೆ ಮೂರು ನಕ್ಷತ್ರದ ಬಾಸ್‌ಗೆ 3,600 ಎಚ್‌ಪಿ, 180 ಸೆಕೆಂಡು. ಹೊಸಬರು ತಮ್ಮ ತಂಡವನ್ನು ಒಂಟಿಯಾಗಿ ಪರೀಕ್ಷಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಒಂದನೆಯ ಹೆಜ್ಜೆ: ಯಾವ ಪೊಕೆಮಾನ್, ಏಕೆ

ಉದಾಹರಣೆಗೆ ಕೈಯೋಗರ್ ಎಂಬ ಐದು ನಕ್ಷತ್ರದ ಬಾಸ್ ಅನ್ನು ತೆಗೆದುಕೊಳ್ಳೋಣ. ಅದು ಶುದ್ಧ ವಾಟರ್ ಟೈಪ್, ಅಂದರೆ ನೀರಿನ ಬಗೆಯದು. ಎಲೆಕ್ಟ್ರಿಕ್ ಮತ್ತು ಗ್ರಾಸ್ ಎರಡೇ ಅದರ ದೌರ್ಬಲ್ಯಗಳು. ಎದುರಾಳಿಯ ದೌರ್ಬಲ್ಯಕ್ಕೆ ಸರಿಯಾಗಿ ತಾಗಿದ ಹೊಡೆತಕ್ಕೆ ಈ ಆಟದಲ್ಲಿ 1.6 ಪಟ್ಟು ಬಲ. ಹೊಡೆಯುವ ಪೊಕೆಮಾನ್‌ನ ಟೈಪ್ ಮತ್ತು ಹೊಡೆತದ ಟೈಪ್ ಒಂದೇ ಆಗಿದ್ದರೆ ಇನ್ನೂ 1.2 ಪಟ್ಟು. ಹೀಗೆ ಎಲೆಕ್ಟ್ರಿಕ್ ಪೊಕೆಮಾನ್ ಒಂದು ಎಲೆಕ್ಟ್ರಿಕ್ ಹೊಡೆತವನ್ನು ಕೈಯೋಗರ್ ಮೇಲೆ ಬಿಟ್ಟರೆ 1.92 ಪಟ್ಟು ತಗುಲುತ್ತದೆ. ಆಟದಲ್ಲಿ ಮಳೆಯ ಚಿಹ್ನೆ ಇದ್ದರೆ ಎಲೆಕ್ಟ್ರಿಕ್ ಹೊಡೆತಕ್ಕೆ ಮತ್ತೆ 1.2 ಸೇರಿ ಅದು 2.3 ಆಗುತ್ತದೆ. ಅದೇ ಹೊತ್ತಿನಲ್ಲಿ ತಂಡದ ಇನ್ನೊಬ್ಬರ ಎಲೆಕ್ಟ್ರಿಕ್ ಮೆಗಾ ಪೊಕೆಮಾನ್ (ಕೆಲವು ಗಂಟೆ ಹೆಚ್ಚು ಬಲದ ರೂಪ ತಾಳಿದ್ದು) ಕಣದಲ್ಲಿದ್ದರೆ 1.3 ಪಟ್ಟು ಕೂಡಿ ಹೆಚ್ಚುಕಡಿಮೆ ಮೂರು ಪಟ್ಟಿಗೆ ಏರುತ್ತದೆ. ಒಂದೇ ಪೊಕೆಮಾನ್, ಒಂದೇ ಹೊಡೆತ, ಮೂರರಷ್ಟು ಫಲ. ಸಿಪಿ ಎಷ್ಟಿದ್ದರೂ ಈ ಗುಣಾಕಾರದ ಎದುರು ಅದು ನಿಲ್ಲಲಾರದು.

ಸಿಪಿಯನ್ನು ನಂಬಬಾರದು ಎನ್ನುವುದಕ್ಕೆ ಸ್ಲೇಕಿಂಗ್‌ಗಿಂತ ಸ್ಪಷ್ಟವಾದ ಸಾಕ್ಷಿ ಇಲ್ಲ. 40ನೇ ಹಂತದಲ್ಲಿ ಅದರ ಸಿಪಿ 4,400ನ್ನೂ ಮೀರುತ್ತದೆ, ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಕೂರುತ್ತದೆ. ಆದರೆ ಅದರ ಫಾಸ್ಟ್ ಅಟ್ಯಾಕ್ (ಬಿಡದೆ ಹೊಡೆಯುವ ಸಣ್ಣ ಹೊಡೆತ) ಆದ ಯಾನ್ ಎಂಬುದು ಬರೀ ಆಕಳಿಕೆ. ಅದರಿಂದ ಎದುರಾಳಿಗೆ ಆಗುವ ಹಾನಿ ಸೊನ್ನೆ. ಆಟವೇ ಸೂಚಿಸುವ ತಂಡವನ್ನು ಹಾಗೆಯೇ ಒಪ್ಪಿಕೊಂಡು ಒಳಗೆ ಹೋಗುವುದೂ ನನಗೆ ಸರಿ ಕಾಣುವುದಿಲ್ಲ, ಏಕೆಂದರೆ ಆ ಸೂಚನೆಯಲ್ಲಿ ಹೆಚ್ಚು ಹೊತ್ತು ಬದುಕುವ, ಆದರೆ ಮೆಲ್ಲಗೆ ಹೊಡೆಯುವ ಪೊಕೆಮಾನ್‌ಗಳು ಆಗಾಗ ನುಸುಳಿಕೊಳ್ಳುತ್ತವೆ.

ಕೈಯೋಗರ್‌ಗೆ ಸುಲಭವಾಗಿ ದೊರೆಯುವ ಎಲೆಕ್ಟ್ರಿಕ್ ತಂಡವೆಂದರೆ ಮ್ಯಾಗ್ನೆಜೋನ್, ಎಲೆಕ್ಟಿವೈರ್, ಲಕ್ಸ್‌ರೇ. ಹಳೆಯ ರೇಡ್‌ಗಳಿಂದ ರೈಕೂ ಅಥವಾ ಜೆಕ್ರೋಮ್ ನಿಮ್ಮಲ್ಲಿದ್ದರೆ ಇನ್ನೂ ಒಳ್ಳೆಯದು. ಗ್ರಾಸ್ ಕಡೆಯಲ್ಲಿ ರೋಜರೇಡ್, ಫ್ರೆಂಜಿ ಪ್ಲಾಂಟ್ ಕಲಿತ ವೀನಸಾರ್ ಅಥವಾ ಸೆಪ್ಟೈಲ್, ಮತ್ತು ಎಲ್ಲಕ್ಕಿಂತ ಹರಿತವಾದ ಕಾರ್ಟಾನಾ. ಆರು ಬಗೆಯವು ಬೇಕು ಎಂದೇನಿಲ್ಲ. ಆರೂ ಮ್ಯಾಗ್ನೆಜೋನ್‌ಗಳಾದರೂ ಅಡ್ಡಿಯಿಲ್ಲ. ಹೊಡೆತಗಳನ್ನು ಮಾತ್ರ ತೆರೆದು ನೋಡಲೇಬೇಕು. ಎಲೆಕ್ಟಿವೈರ್‌ಗೆ ಥಂಡರ್ ಶಾಕ್ ಮತ್ತು ವೈಲ್ಡ್ ಚಾರ್ಜ್ ಇರಬೇಕು. ಥಂಡರ್ ಶಾಕ್ ಬದಲು ಲೋ ಕಿಕ್ ಇದ್ದರೆ ಅದು ಫೈಟಿಂಗ್ ಟೈಪಿನ ಹೊಡೆತ, ಮೇಲಿನ ಗುಣಾಕಾರದಲ್ಲಿ ಒಂದು ಅಂಶವೂ ಅದಕ್ಕೆ ಸಿಗುವುದಿಲ್ಲ. ಹೊಡೆತ ಬದಲಿಸುವ ಟಿಎಂ ಖರ್ಚು ಮಾಡಬೇಕಾದದ್ದು ಇಂಥ ಕಡೆ.

ಪೊಕೆಮಾನ್‌ನ ಹಂತ ಏರಿಸಲು ಬೇಕಾದ ಸ್ಟಾರ್‌ಡಸ್ಟ್ ಎಲ್ಲಿ ಹಾಕಬೇಕೆಂಬ ಪ್ರಶ್ನೆ ಎಲ್ಲರೂ ಕೇಳುತ್ತಾರೆ. 20ನೇ ಹಂತದಿಂದ 30ಕ್ಕೆ ಏರಿಸಿದರೆ ಪೊಕೆಮಾನ್‌ನ ಬಲ ಸುಮಾರು ಶೇ. 22ರಷ್ಟು ಹೆಚ್ಚುತ್ತದೆ, 30ರಿಂದ 40ಕ್ಕೆ ಏರಿಸಿದರೆ ಹೆಚ್ಚುವುದು ಶೇ. 8ರಷ್ಟು ಮಾತ್ರ, ಖರ್ಚಾದರೋ ಬಹಳ ಹೆಚ್ಚು. ಒಂದನ್ನು 40ಕ್ಕೆ ಒಯ್ಯುವ ಬದಲು ಆರನ್ನು 30ಕ್ಕೆ ತರುವುದು ಜಾಣತನ. ಹುಟ್ಟುಗುಣದ ಅಂಕಗಳ ಚಿಂತೆಯೂ ಅಷ್ಟೊಂದು ಬೇಡ: ಎಲೆಕ್ಟಿವೈರ್‌ನ ಮೂಲ ದಾಳಿಬಲ 249, ಅದಕ್ಕೆ ಸೇರಬಹುದಾದ ಗರಿಷ್ಠ ಅಂಕ 15, ಸೊನ್ನೆಗೂ ಹದಿನೈದಕ್ಕೂ ನಡುವಿನ ಅಂತರ ಶೇ. 6 ಮಾತ್ರ.

ಎರಡನೆಯ ಹೆಜ್ಜೆ: ಬಾಸ್‌ನ ಹೊಡೆತವನ್ನು ಗುರುತಿಸುವುದು

ಗೆಲುವು ಸೋಲು ತೀರ್ಮಾನವಾಗುವುದು ಇಲ್ಲಿ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೈಯೋಗರ್‌ನ ಫಾಸ್ಟ್ ಅಟ್ಯಾಕ್ ವಾಟರ್‌ಫಾಲ್. ಚಾರ್ಜ್ಡ್ ಅಟ್ಯಾಕ್ (ಎನರ್ಜಿ ತುಂಬಿದ ಮೇಲೆ ಬಿಡುವ ದೊಡ್ಡ ಹೊಡೆತ) ಮಾತ್ರ ಒಂದೊಂದು ರೇಡ್‌ನಲ್ಲಿ ಒಂದೊಂದು: ಹೈಡ್ರೋ ಪಂಪ್, ಸರ್ಫ್, ಬ್ಲಿಜಾರ್ಡ್ ಅಥವಾ ಥಂಡರ್. ಒಂದು ಜಿಮ್‌ನಲ್ಲಿ (ನಕ್ಷೆಯಲ್ಲಿ ರೇಡ್ ನಡೆಯುವ ಜಾಗ) ಕಂಡದ್ದು ಆ ರೇಡ್ ಮುಗಿಯುವ ತನಕ ಬದಲಾಗುವುದಿಲ್ಲ, ಪಕ್ಕದ ಜಿಮ್‌ನಲ್ಲಿ ಬೇರೆಯದೇ ಇರಬಹುದು.

ಕಳೆದ ಮಳೆಗಾಲದ ಒಂದು ಬುಧವಾರ ನಾವು ಐವರೂ ಸೋತದ್ದು ಇದರಿಂದಲೇ. ಮಳೆ ಸುರಿಯುತ್ತಿತ್ತು, ವಾಟರ್ ಹೊಡೆತಕ್ಕೆ ಬಲ ಬಂದಿರುತ್ತದೆ, ಗ್ರಾಸ್ ಪೊಕೆಮಾನ್‌ಗಳು ಅದನ್ನು ತಡೆದುಕೊಳ್ಳುತ್ತವೆ ಎಂಬ ಲೆಕ್ಕದಲ್ಲಿ ನಾಲ್ವರು ರೋಜರೇಡ್, ವೀನಸಾರ್‌ಗಳನ್ನೇ ಮುಂದಿಟ್ಟಿದ್ದೆವು. ವಾಟರ್‌ಫಾಲ್ ಮಟ್ಟಿಗೆ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆ ಕೈಯೋಗರ್‌ನಲ್ಲಿದ್ದದ್ದು ಬ್ಲಿಜಾರ್ಡ್. ಹಿಮದ ಹೊಡೆತ ಗ್ರಾಸ್ ಮೇಲೆ 1.6 ಪಟ್ಟು ತಾಗುತ್ತದೆ; ಒಂದು ಬ್ಲಿಜಾರ್ಡ್ ಬಂದಾಗಲೆಲ್ಲ ನಾಲ್ವರ ಪರದೆಯಲ್ಲೂ ಒಂದೊಂದು ಪೊಕೆಮಾನ್ ಒಟ್ಟಿಗೇ ಮಲಗುತ್ತಿತ್ತು. ಮುನ್ನೂರು ಸೆಕೆಂಡು ಮುಗಿದಾಗ ಬಾಸ್‌ನ ಎಚ್‌ಪಿ ಪಟ್ಟಿಯಲ್ಲಿ ಉಗುರಿನ ಅಂಚಿನಷ್ಟು ಕೆಂಪು ಉಳಿದಿತ್ತು. ಸೋತರೂ ಅದೇ ರೇಡ್‌ಗೆ ಅದೇ ಪಾಸ್‌ನಲ್ಲಿ ಮತ್ತೆ ಹೋಗಬಹುದು ಎಂಬುದು ನಮ್ಮ ಪುಣ್ಯ. ಮರದಡಿ ನಿಂತು ತಂಡ ಬದಲಿಸಿದೆವು, ಮ್ಯಾಗ್ನೆಜೋನ್‌ಗಳನ್ನು ಮುಂದೆ ತಂದೆವು, ಎರಡನೆಯ ಸಲ ಗೆದ್ದಾಗ ಗಡಿಯಾರದಲ್ಲಿ ಇನ್ನೂ ಸಮಯ ಉಳಿದಿತ್ತು. ಐವರೂ ಅವರೇ, ಮಳೆಯೂ ಅದೇ.

ಮ್ಯಾಗ್ನೆಜೋನ್ ಏಕೆ? ಅದು ಎಲೆಕ್ಟ್ರಿಕ್ ಮಾತ್ರವಲ್ಲ, ಸ್ಟೀಲ್ ಕೂಡ. ಸ್ಟೀಲ್ ಹಿಮದ ಹೊಡೆತವನ್ನು 0.625ಕ್ಕೆ ಇಳಿಸುತ್ತದೆ. ರೋಜರೇಡ್ ಮೇಲೆ 1.6, ಮ್ಯಾಗ್ನೆಜೋನ್ ಮೇಲೆ 0.625: ಅದೇ ಬ್ಲಿಜಾರ್ಡ್, ಎರಡೂವರೆ ಪಟ್ಟಿನ ಅಂತರ. ಕಾರ್ಟಾನಾ ಗ್ರಾಸ್ ಮತ್ತು ಸ್ಟೀಲ್ ಆಗಿರುವುದರಿಂದ ಅದರಲ್ಲಿ ಒಂದರ ದೌರ್ಬಲ್ಯವನ್ನು ಇನ್ನೊಂದು ಸರಿದೂಗಿಸಿ ಬ್ಲಿಜಾರ್ಡ್ ಸಾಮಾನ್ಯ ಹೊಡೆತವಾಗಿ ಉಳಿಯುತ್ತದೆ. ಜೆಕ್ರೋಮ್ ಎಷ್ಟೇ ಬಲಿಷ್ಠವಾದರೂ ಡ್ರ್ಯಾಗನ್ ಟೈಪ್ ಆದ್ದರಿಂದ ಹಿಮಕ್ಕೆ ಸುಲಭದ ತುತ್ತು, ಅದನ್ನು ಆ ದಿನ ಹಿಂದೆ ಇಡಬೇಕು. ಬಾಸ್‌ನಲ್ಲಿ ಥಂಡರ್ ಇದ್ದರೆ ಚಿತ್ರ ತಲೆಕೆಳಗಾಗುತ್ತದೆ: ಜೆಕ್ರೋಮ್‌ನ ಎರಡು ಟೈಪ್‌ಗಳೂ ಸಿಡಿಲನ್ನು ತಡೆಯುವುದರಿಂದ ಹೊಡೆತ 0.39ಕ್ಕೆ ಇಳಿಯುತ್ತದೆ, ಡ್ರ್ಯಾಗನ್ ಆಗಿರುವುದರಿಂದ ವಾಟರ್‌ಫಾಲ್ ಕೂಡ ಮೆತ್ತಗೆ ತಾಗುತ್ತದೆ. ಗ್ರಾಸ್ ಪೊಕೆಮಾನ್‌ಗಳೂ ಥಂಡರ್‌ಗೆ ಹೆದರಬೇಕಾಗಿಲ್ಲ. ಹೈಡ್ರೋ ಪಂಪ್ ಅಥವಾ ಸರ್ಫ್ ಇದ್ದರೆ ಗ್ರಾಸ್ ತಂಡಕ್ಕೇ ನನ್ನ ಒಲವು. ಮಳೆಯಲ್ಲಿ ವಾಟರ್ ಹೊಡೆತ ಸಾಮಾನ್ಯ ಎಲೆಕ್ಟ್ರಿಕ್ ಪೊಕೆಮಾನ್ ಮೇಲೆ 1.2ರಷ್ಟು ಬಿದ್ದರೆ ಗ್ರಾಸ್ ಮೇಲೆ 0.75ರಷ್ಟೇ ಬೀಳುತ್ತದೆ. ಎಲೆಕ್ಟ್ರಿಕ್ ತಂಡ ಬೇಗ ಹೊಡೆದು ಬೇಗ ಬೀಳುತ್ತದೆ, ಗ್ರಾಸ್ ತಂಡ ತಡವಾಗಿ ಹೊಡೆದರೂ ಕಣ ಬಿಡುವುದಿಲ್ಲ. ಆರು ಮಂದಿಗಿಂತ ಹೆಚ್ಚು ಇದ್ದರೆ ಮೊದಲನೆಯದು, ಕಡಿಮೆ ಇದ್ದರೆ ಎರಡನೆಯದು ಎಂದು ನಾವು ಗೊತ್ತುಮಾಡಿಕೊಂಡಿದ್ದೇವೆ.

ಹೊಡೆತವನ್ನು ಪತ್ತೆ ಮಾಡುವ ಕೆಲಸವನ್ನು ಒಬ್ಬರಿಗೆ ಒಪ್ಪಿಸಿ. ಅವರು ಖಾಸಗಿ ಗುಂಪಿನ ಮೂಲಕ ಒಬ್ಬರೇ ಒಳಗೆ ಹೋಗಲಿ, ಬಾಸ್ ತನ್ನ ಮೊದಲ ಚಾರ್ಜ್ಡ್ ಅಟ್ಯಾಕ್ ಬಿಟ್ಟಾಗ ಪರದೆಯ ಮೇಲೆ ಮೂಡುವ ಹೆಸರನ್ನು ಓದಿಕೊಂಡು ಹೊರಬರಲಿ. ಅವರ ಪಾಸ್ ಹೆಚ್ಚುವರಿಯಾಗಿ ಖರ್ಚಾಗುವುದಿಲ್ಲ, ಅದೇ ರೇಡ್‌ಗೆ ಅವರು ಎಲ್ಲರೊಂದಿಗೆ ಮತ್ತೆ ಸೇರಬಹುದು. ನಮ್ಮಲ್ಲಿ ಈ ಕೆಲಸ ಡೊಂಬಿವಲಿಯ ಹುಡುಗಿಯದು. ಅವಳು ಹೊರಬರುತ್ತಲೇ "ಹಿಮ", "ಸಿಡಿಲು", "ನೀರು" ಎಂದು ಒಂದೇ ಪದ ಕೂಗುತ್ತಾಳೆ, ನಾವು ಮೊದಲೇ ಹೆಸರಿಟ್ಟು ಉಳಿಸಿಕೊಂಡ ಮೂರು ತಂಡಗಳಲ್ಲಿ ಅದಕ್ಕೆ ಹೊಂದುವುದನ್ನು ಆರಿಸುತ್ತೇವೆ. ತಂಡಗಳಿಗೂ ಇದೇ ಕನ್ನಡ ಹೆಸರುಗಳನ್ನು ಇಟ್ಟುಕೊಂಡದ್ದರಿಂದ ಲಾಬಿಯ 120 ಸೆಕೆಂಡುಗಳಲ್ಲಿ ಹುಡುಕಾಟವೇ ಇರುವುದಿಲ್ಲ.

ಮೂರನೆಯ ಹೆಜ್ಜೆ: ಮೆಗಾ ಯಾರದು, ಯಾವಾಗ

ಮೆಗಾ ಪೊಕೆಮಾನ್ ಕಣದಲ್ಲಿ ನಿಂತಿರುವಷ್ಟು ಹೊತ್ತು ಉಳಿದವರ ಎಲ್ಲ ಹೊಡೆತಗಳಿಗೆ 1.1 ಪಟ್ಟು, ಅದರ ಟೈಪಿಗೆ ಸೇರಿದ ಹೊಡೆತಗಳಿಗೆ 1.3 ಪಟ್ಟು ಬಲ ಸಿಗುತ್ತದೆ. ಅದು ಬಿದ್ದ ಕ್ಷಣಕ್ಕೆ ಆ ಬಲವೂ ನಿಲ್ಲುತ್ತದೆ. ಇಬ್ಬರ ಮೆಗಾಗಳು ಒಟ್ಟಿಗೆ ನಿಂತರೂ ಅವುಗಳ ಬಲ ಕೂಡಿಕೊಳ್ಳುವುದಿಲ್ಲ. ಬಹುತೇಕ ಗುಂಪುಗಳಲ್ಲಿ ಎಲ್ಲರೂ ತಮ್ಮ ಮೆಗಾವನ್ನು ಮೊದಲ ಸ್ಥಾನದಲ್ಲೇ ಇಟ್ಟಿರುತ್ತಾರೆ. ಮೊದಲ ನಿಮಿಷದಲ್ಲೇ ಎಲ್ಲವೂ ಒಟ್ಟಿಗೆ ಬಿದ್ದು ಉಳಿದ ನಾಲ್ಕು ನಿಮಿಷ ಯಾರಿಗೂ ಆ ಲಾಭ ಇರುವುದಿಲ್ಲ. ಮೂವರಲ್ಲಿ ಮೆಗಾ ಇದ್ದರೆ ಒಬ್ಬರು ಮೊದಲ ಸ್ಥಾನದಲ್ಲಿ, ಇನ್ನೊಬ್ಬರು ಮೂರನೆಯದರಲ್ಲಿ, ಮತ್ತೊಬ್ಬರು ಐದನೆಯದರಲ್ಲಿ ಇಡಲಿ. ಸರದಿ ಪ್ರಕಾರ ಒಂದಾದ ಮೇಲೊಂದು ಬಂದು ಬಲ ಹೆಚ್ಚು ಹೊತ್ತು ಉಳಿಯುತ್ತದೆ. ಎಲೆಕ್ಟ್ರಿಕ್ ತಂಡಕ್ಕೆ ಮೆಗಾ ಮನೆಕ್ಟ್ರಿಕ್, ಗ್ರಾಸ್ ತಂಡಕ್ಕೆ ಮೆಗಾ ಸೆಪ್ಟೈಲ್ ಅಥವಾ ಮೆಗಾ ವೀನಸಾರ್ ಸರಿ. ಪ್ರೈಮಲ್ ಕೈಯೋಗರ್ (ಮೆಗಾದಂಥದೇ ರೂಪ) ಇರುವವರು ಅದನ್ನೇ ಕೈಯೋಗರ್ ವಿರುದ್ಧ ತರಬಹುದು ಎಂದರೆ ಹೊಸಬರಿಗೆ ವಿಚಿತ್ರವೆನಿಸಬಹುದು. ಅದರ ಸ್ವಂತ ಹೊಡೆತ ಹೆಚ್ಚು ತಾಗದಿದ್ದರೂ ಅದು ವಾಟರ್ ಜೊತೆಗೆ ಎಲೆಕ್ಟ್ರಿಕ್‌ಗೂ 1.3 ಪಟ್ಟು ಬಲ ಕೊಡುತ್ತದೆ. ಮೆಗಾ ರೂಪ ಉಳಿಯುವುದು 8 ಗಂಟೆ, ಹಾಗಾಗಿ ರೈಲು ಹತ್ತುವ ಮೊದಲೇ ಬದಲಿಸಿಕೊಂಡರೂ ಸಂಜೆಗೆ ಸಾಕು.

2023ರ ಅಕ್ಟೋಬರಿನಲ್ಲಿ ಬಂದ ಪಾರ್ಟಿ ಪ್ಲೇ ಒಂದೇ ಜಾಗದಲ್ಲಿ ನಿಂತು ಆಡುವ ನಮ್ಮಂಥವರಿಗೆ ದೊಡ್ಡ ಸಹಾಯ. ನಾಲ್ವರವರೆಗೆ ಒಂದು ಪಾರ್ಟಿ ಕಟ್ಟಬಹುದು, ಫಾಸ್ಟ್ ಅಟ್ಯಾಕ್‌ಗಳಿಂದ ತುಂಬಿಕೊಳ್ಳುವ ಪಾರ್ಟಿ ಪವರ್ ಮುಂದಿನ ಒಂದು ಚಾರ್ಜ್ಡ್ ಅಟ್ಯಾಕ್‌ನ ಬಲವನ್ನು ಇಮ್ಮಡಿಯಾಗಿಸುತ್ತದೆ. ನಾವು ಐವರಿದ್ದಾಗ ನಾಲ್ವರು ಮತ್ತು ಒಬ್ಬರು ಎಂದು ಒಡೆಯದೆ ಮೂವರು ಮತ್ತು ಇಬ್ಬರು ಎಂದು ಒಡೆಯುತ್ತೇವೆ, ಯಾರೂ ಹೊರಗುಳಿಯಬಾರದೆಂದು. ಗೆಳೆತನದ ಬಲವನ್ನೂ ಮರೆಯಬಾರದು: 90 ದಿನ ಉಡುಗೊರೆ ವಿನಿಮಯ ಮಾಡಿಕೊಂಡು ಬೆಸ್ಟ್ ಫ್ರೆಂಡ್ ಆದವರು ಒಂದೇ ಲಾಬಿಯಲ್ಲಿದ್ದರೆ ಹೊಡೆತಕ್ಕೆ ಶೇ. 10 ಹೆಚ್ಚು ಬಲ.

ನಾಲ್ಕನೆಯ ಹೆಜ್ಜೆ: ಜಾಗ, ಮಳೆ, ರೈಲು

ಮಧ್ಯ ರೈಲ್ವೆಯ ಮಾಟುಂಗಾದಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲ. ಡೊಂಬಿವಲಿಯ ಕಡೆಯಿಂದ ಫಾಸ್ಟ್‌ನಲ್ಲಿ ಬರುವವರು ದಾದರ್‌ನಲ್ಲಿ ಇಳಿದು ಹಿಂದಿರುಗಬೇಕು, ಅದಕ್ಕೆ ಹದಿನೈದು ಇಪ್ಪತ್ತು ನಿಮಿಷ ಬೇರೆ ಇಟ್ಟುಕೊಳ್ಳಬೇಕು. 6ಕ್ಕೆ ಎಲ್ಲರೂ ಸೇರಲಾಗದಿದ್ದರೆ ಮೊದಲ ರೇಡ್‌ನಲ್ಲಿ ಹೊಡೆತ ಪತ್ತೆ ಮಾಡಿಟ್ಟುಕೊಂಡು ಕಾಯುವುದು ಒಳ್ಳೆಯದು.

ಆಕಾಶವನ್ನು ನೋಡಿ ತಂಡ ಆರಿಸಬೇಡಿ, ಪರದೆಯ ಮೇಲಿನ ಹವಾಮಾನದ ಚಿಹ್ನೆಯನ್ನು ನೋಡಿ. ಕೊಡೆ ಹಿಡಿದು ತೊಯ್ಯುತ್ತಾ ನಿಂತಿರುವಾಗಲೂ ಆಟ ಮೋಡ ಎಂದಷ್ಟೇ ತೋರಿಸಬಹುದು. ಮೋಡಕ್ಕೆ ಬಲ ಪಡೆಯುವುದು ಫೇರಿ, ಫೈಟಿಂಗ್, ಪಾಯ್ಸನ್, ಎಲೆಕ್ಟ್ರಿಕ್ ಅಲ್ಲ. ಆ ಚಿಹ್ನೆ ಗಂಟೆಗೊಮ್ಮೆ ಬದಲಾಗುವುದರಿಂದ 6 ಗಂಟೆಗೆ ಮೊದಲು ಮಾಡಿದ ಲೆಕ್ಕವನ್ನು 6 ದಾಟಿದ ಮೇಲೆ ಒಮ್ಮೆ ಪರಿಶೀಲಿಸಿ. ಮಳೆಯ ಚಿಹ್ನೆ ಇದ್ದಾಗ ಗೆದ್ದರೆ ಹಿಡಿಯುವ ಕೈಯೋಗರ್ 20ನೇ ಹಂತದ ಬದಲು 25ನೇ ಹಂತದ್ದು ಸಿಗುತ್ತದೆ ಎಂಬುದು ಮುಂಬಯಿ ಮಳೆಗಾಲ ನಮಗೆ ಕೊಡುವ ಕೊಡುಗೆ.

ಜಿಮ್‌ನಿಂದ 80 ಮೀಟರ್ ದೂರದವರೆಗೆ ನಿಂತು ಆಡಬಹುದು, ಆದ್ದರಿಂದ ರಸ್ತೆಯಂಚಿಗೆ ಹೋಗಬೇಕಾಗಿಲ್ಲ. ಅಂಗಡಿಯ ಮುಂದಿನ ಚಾವಣಿಯೋ ಕಟ್ಟಡದ ಗೇಟೋ ಸಾಕು. ಪರದೆಯ ಮೇಲೆ ಹನಿ ಬಿದ್ದರೆ ಸ್ಪರ್ಶ ಸರಿಯಾಗಿ ಹಿಡಿಯುವುದಿಲ್ಲ, ಒಂದು ಒಣ ಕರವಸ್ತ್ರ ಜೇಬಿನಲ್ಲಿರಲಿ. ಕಿಂಗ್ಸ್ ಸರ್ಕಲ್ ಬಳಿ ನೀರು ನಿಂತಿದೆ ಎಂಬ ಸುದ್ದಿ ಬಂದರೆ ಆ ಕಡೆಯ ಜಿಮ್‌ಗಳನ್ನು ಆ ದಿನ ಬಿಟ್ಟುಬಿಡಿ.

ಐದನೆಯ ಹೆಜ್ಜೆ: ಕಣದೊಳಗೆ

ಒಳಗೆ ಹೋದ ಮೇಲೆ ಫಾಸ್ಟ್ ಅಟ್ಯಾಕ್ ನಿಲ್ಲಿಸದೆ ಒತ್ತುತ್ತಿರಿ. ಬಾಸ್‌ನ ಸಣ್ಣ ಹೊಡೆತಗಳನ್ನು ತಪ್ಪಿಸಿಕೊಳ್ಳಲು ಹೋಗಬೇಡಿ, ಅದರಲ್ಲಿ ಹೋಗುವ ಸಮಯ ಉಳಿಯುವ ಎಚ್‌ಪಿಗಿಂತ ಬೆಲೆಯುಳ್ಳದ್ದು. ಚಾರ್ಜ್ಡ್ ಅಟ್ಯಾಕ್ ಬರುವ ಸೂಚನೆ ಕಂಡಾಗ ಮಾತ್ರ ಪಕ್ಕಕ್ಕೆ ಜಾರಿಸಿ; ಸರಿಯಾದ ಕ್ಷಣಕ್ಕೆ ಜಾರಿಸಿದರೆ ಹಾನಿಯ ಮುಕ್ಕಾಲು ಪಾಲು ತಪ್ಪುತ್ತದೆ. ಪೊಕೆಮಾನ್ ಬಿದ್ದರೆ ಅದು ಕೂಡಿಸಿಟ್ಟ ಎನರ್ಜಿಯೂ ಅದರ ಜೊತೆಗೇ ಹೋಗುತ್ತದೆ, ಆದ್ದರಿಂದ ಎಚ್‌ಪಿ ಕಾಲು ಭಾಗಕ್ಕೆ ಇಳಿದಾಗ ವೈಲ್ಡ್ ಚಾರ್ಜ್ ತುಂಬಿದ್ದರೆ ಒಂದು ಕ್ಷಣವೂ ಕಾಯಬೇಡಿ. ಆರೂ ಬಿದ್ದಾಗ ರಿವೈವ್ ಕೊಡುತ್ತ ಕೂರುವುದೂ ತಪ್ಪು; ಎರಡನೆಯ ತಂಡ ಸಿದ್ಧವಾಗಿದ್ದರೆ ನೇರವಾಗಿ ಅದರೊಂದಿಗೆ ಒಳಗೆ ಬನ್ನಿ, ಔಷಧೋಪಚಾರ ರೇಡ್ ಮುಗಿದ ಮೇಲಿರಲಿ.

ಇದೇ ಕ್ರಮ ಬೇರೆ ಬಾಸ್‌ಗಳಿಗೂ ಹೊಂದುತ್ತದೆ. ಗ್ರೌಡನ್ ವಿರುದ್ಧ ಮಳೆಯಲ್ಲಿ ವಾಟರ್ ತಂಡ ಸೊಗಸಾಗಿ ಕೆಲಸ ಮಾಡುತ್ತದೆ, ಆದರೆ ಅದರಲ್ಲಿ ಸೋಲಾರ್ ಬೀಮ್ ಇದ್ದರೆ ಆ ತಂಡವೇ ಮೊದಲು ಮಲಗುತ್ತದೆ. ರೇಕ್ವಾಜಾ ಡ್ರ್ಯಾಗನ್ ಮತ್ತು ಫ್ಲೈಯಿಂಗ್ ಎರಡೂ ಆಗಿರುವುದರಿಂದ ಹಿಮದ ಹೊಡೆತ ಅದಕ್ಕೆ 2.56 ಪಟ್ಟು ತಾಗುತ್ತದೆ. ಮ್ಯಾಮೊಸ್ವೈನ್ ಆರನ್ನು 30ಕ್ಕೆ ಏರಿಸಿಟ್ಟುಕೊಂಡವರಿಗೆ ಬೇರೆ ಯೋಜನೆ ಬೇಕಾಗುವುದಿಲ್ಲ.

ಪ್ರತಿ ರೇಡ್ ಮುಗಿದ ಮೇಲೆ ನಾನು ಫೋನಿನ ಟಿಪ್ಪಣಿಯಲ್ಲಿ ಒಂದೇ ಸಾಲು ಬರೆಯುತ್ತೇನೆ: ಬಾಸ್, ಅದರ ಹೊಡೆತ, ಎಷ್ಟು ಮಂದಿ, ಉಳಿದ ಸೆಕೆಂಡು, ಯಾರು ಎಷ್ಟು ಸಲ ಹೊರಗೆ ಹೋಗಿ ಬಂದರು. ಮುಂದಿನ ಜಿಮ್‌ಗೆ ಆರೇಳು ನಿಮಿಷದ ನಡಿಗೆ. ಆ ದಾರಿಯಲ್ಲಿ ಒಬ್ಬರು ಆ ಸಾಲನ್ನು ಓದುತ್ತಾರೆ, ಉಳಿದವರು ಬಿದ್ದವುಗಳಿಗೆ ರಿವೈವ್ ಕೊಡುತ್ತಾರೆ, ಹುಡುಗಿ ನಾಲ್ಕು ಹೆಜ್ಜೆ ಮುಂದೆ ನಡೆದು ಆಗಲೇ ಹೊಸ ರೇಡ್‌ನ ಲಾಬಿಯೊಳಗೆ ಒಬ್ಬಳೇ ಇರುತ್ತಾಳೆ.